ಬಾಯಿಗೆ ಹಿಡಿಸುವಷ್ಟು

ಮಂಡಿಪೇಟೆಯ ಒಡವೆ ಅಂಗಡಿಗೆಂದು ತರಿಸಿದ ಗಾಜು,
ಹನ್ನೆರಡು ಎಂಎಂ ದಪ್ಪ, ಏಳಡಿ ಉದ್ದ.
ಅಣ್ಣತಮ್ಮಂದಿರು ಪಾಲಾದರು, ಅಂಗಡಿ ಏಳಲಿಲ್ಲ,
ಗಾಜು ನನ್ನ ಗೋದಾಮಿನ ಗೋಡೆಗೊರಗಿ
ಎರಡು ವರ್ಷ ನನ್ನನ್ನೇ ನನಗೆ ತೋರಿಸುತ್ತ ನಿಂತಿತ್ತು.
ಕೊನೆಗೆ ನಾನೇ ಕೊಯ್ದೆ, ನಾನೇ ಸಿಲಿಕಾನ್ ಹಚ್ಚಿದೆ.
ಈಗ ಹಾಲಿನಲ್ಲಿ ಸಾವಿರದಿನ್ನೂರು ಲೀಟರ್ ನೀರು
ಯಾರೂ ಇಲ್ಲದೆ ನಿಂತಿದೆ.

ಸಣ್ಣ ಮೀನು ಬೇಡವೆಂದೆ. ಅಷ್ಟು ನೀರಿಗೆ ಗಪ್ಪಿ ಬಿಟ್ಟರೆ
ಹೈಸ್ಕೂಲ್ ಮೈದಾನದಲ್ಲಿ ಹಿಡಿ ಮಂಡಕ್ಕಿ ಚೆಲ್ಲಿದ ಹಾಗೆ.

"ಬೇಟೆ ಮೀನೇ ಬೇಕಾ?"
ಅರಳಿಮರ ಸರ್ಕಲ್ಲಿನಾಚೆಯ ಅಂಗಡಿಯಲ್ಲಿ
ಚಮನ್ ಸಾಬ್ ಕನ್ನಡಕ ಹಣೆಗೇರಿಸಿದ.
"ಒಂದೇ ಮಾತು ಕೇಳ್ರಿ. ಬಾಯಿಗೆ ಹಿಡಿಸಿದ್ದೆಲ್ಲ ಅದರ ಊಟ.
ಹಿಡಿಸದ್ದು ನೆಂಟ.
ಇವತ್ತಿನ ನೆಂಟ, ನಾಳೆ ಬಾಯಿ ಬೆಳೆದ ಮೇಲೆ..."
ಅಷ್ಟಕ್ಕೇ ನಿಲ್ಲಿಸಿ ಬಲೆ ಒದರಿದ.

ಅರೋವಾನ ತೋರಿಸಿದ. ಬೆಳ್ಳಿಯ ಪಟ್ಟಿ, ಗದ್ದದಲ್ಲಿ ಎರಡು ಮೀಸೆ,
ತಿರುಗುವಾಗ ಮೈಯೆಲ್ಲ ಮಡಿಸಿದ ಜರಿಯಂಚು.
"ಹಾರುತ್ತೆ. ನಡುರಾತ್ರಿ ಹಾರಿ
ಬೆಳಗ್ಗೆ ಸೋಫಾ ಕೆಳಗೆ ಒಣಗಿರುತ್ತೆ.
ಎಸ್.ಎಸ್. ಬಡಾವಣೆ ಡಾಕ್ಟರ ಮನೇಲಿ ಹಿಂಗೇ ಆಗಿ
ಅವರ ಮಿಸೆಸ್ಸು ಮೂರು ದಿನ ಊಟ ಬಿಟ್ರು."
ಆಸ್ಕರ್ ಅಂತೆ. ಮುಖ ಗುರುತು ಹಿಡಿಯುತ್ತದಂತೆ,
ಸಿಟ್ಟು ಬಂದರೆ ಮೂಲೆಗೆ ವಾಲಿ ಮಲಗಿಬಿಡುತ್ತದಂತೆ.
ಅಂಥದು ಮನೆಯಲ್ಲಿ ಈಗಾಗಲೇ ಒಂದಿದೆ, ಅದು ನಾನು.

ಇನ್ನೊಂದು, ಹೆಬ್ಬೆರಳಷ್ಟು, ಕೆಂಪು ಬಾಲದ ಕ್ಯಾಟ್‌ಫಿಶ್.
ಫೋಟೊ ನೋಡಿಯೇ ಮಗಳು ಬೆಣ್ಣೆ ಅಂತ ಹೆಸರಿಟ್ಟಾಗಿತ್ತು.
"ಮೂರೇ ವರ್ಷ. ಆಮೇಲೆ ನಿಮ್ಮ ತೊಟ್ಟಿ ಅದಕ್ಕೆ ಬಿಗಿಯಾದ ಅಂಗಿ.
ತಿರುಗೋಕಾಗದೆ ಮೂಗು ಸವೆಯುತ್ತೆ.
ತಂದು ನನ್ನ ಬಾಗಿಲಲ್ಲಿ ನಿಲ್ತೀರಿ, ನಾನು ತಗೊಳ್ಳಲ್ಲ,
ಕತ್ತಲಾದ ಮೇಲೆ ಕುಂದವಾಡ ಕೆರೆಗೆ ಬಿಡ್ತೀರಿ.
ಬಿಡ್ತೀರಿ.
ನಿಮ್ಮಂಥ ಒಳ್ಳೆಯವರೇ ಬಿಡೋದು."

ಅವ್ವ ಸ್ಟೂಲಿನ ಮೇಲೆ ಕೂತಿದ್ದಳು, ಕೊರಳಲ್ಲಿ ಕರಡಿಗೆ.
ಮೊಟ್ಟೆ ಹೊಸ್ತಿಲು ದಾಟದ ಮನೆ ನಮ್ಮದು.
"ಇವು ಏನು ತಿಂತಾವಪ್ಪಾ?"
"ಸೀಗಡಿ, ಹುಳ, ಸಣ್ಣ ಮೀನು..." ಅವನ ದನಿ ತಗ್ಗಿತು.
ನಾನು ಬೇರೆ ಫ್ರಿಜ್ಜಿನ ಮಾತೆತ್ತಿದೆ.
ಅವಳು ಕೇಳುತ್ತಿರಲಿಲ್ಲ, ಗಲ್ಲೆಯ ಕೆಳಗಿನ
ನೀಲಿ ಬಕೆಟ್ಟನ್ನೇ ನೋಡುತ್ತಿದ್ದಳು.

ಮುಚ್ಚಿದ ಮಂಕರಿ ಸರಿಸಿದರೆ ಒಂದು ತಲೆ,
ಹಾವಿನದೋ ಅನ್ನುವಂಥದು, ಮೇಲೆ ಬಂದು
ಗುಳುಕ್ ಅಂತ ಗಾಳಿ ನುಂಗಿ ಇಳಿಯಿತು.
"ಇದೆಷ್ಟು?"
"ಅಮ್ಮಾ, ಅದು ಮಾರೋದಲ್ಲ. ಸೂಳೆಕೆರೆ ಕೊರವ, ರಾತ್ರಿ ಸಾರಿಗೆ."
"ಇದೂ ಹಿಡಿದು ತಿನ್ನೋದೇ ಏನು?"
"ಕಪ್ಪೇನೂ ಬಿಡಲ್ಲ. ಆದರೆ ಮರಿ ಮಾಡಿದಾಗ
ಅಪ್ಪ ಕೆಳಗೆ ನಿಂತು ಕಾಯುತ್ತೆ. ಕೈ ಹಾಕಿದರೆ ಬೆರಳು ಹಿಡಿಯುತ್ತೆ."
ಅವ್ವ ಸೆರಗಿನ ಗಂಟು ಬಿಚ್ಚಿದಳು.

ತೂಕ ಹಾಕಿಯೇ ಕೊಟ್ಟ. ಒಂದೂಕಾಲು ಕೇಜಿ, ಊಟದ ರೇಟು.
ಇಷ್ಟು ದೊಡ್ಡ ತೊಟ್ಟಿಗೆ ಇಷ್ಟು ಅಗ್ಗದ ಮೀನು
ಯಾರೂ ಒಯ್ದಿಲ್ಲವೆಂದು ನಕ್ಕ.
ಆ ರಾತ್ರಿ ಅವನ ಮನೆಯಲ್ಲಿ ಬೇಳೆ ಸಾರಿರಬೇಕು.

ಏಳಡಿ ನೀರಿಗೆ ಈಗ ಅದೊಂದೇ.
ಬಂದವರು ಕೇಳುತ್ತಾರೆ, "ಇದೇನ್ರಿ, ಕೆರೆ ಮೀನು?"
ಸಂಜೆ ಅವ್ವ ಹೂಕುಂಡ ಕೆದಕಿ ಎರೆಹುಳು ಹೆಕ್ಕುತ್ತಾಳೆ,
ಹಾಕುವಾಗ ಮಾತ್ರ ಮುಖ ತಿರುಗಿಸುತ್ತಾಳೆ,
ಕೈ ತೊಳೆದು ಮತ್ತೆ ಬಂದು ನೋಡುತ್ತಾಳೆ.

ಇದೂ ಹಾರುತ್ತದೆ. ಮುಚ್ಚಳದ ಮೇಲೆ ರುಬ್ಬುಗುಂಡು ಇಟ್ಟಿದ್ದೇವೆ.
ದೋಸೆಗೆ ನೆನೆಹಾಕಿದ ದಿನ
ಅವ್ವ ಅದನ್ನು ಮಗುವಿನಂತೆ ಅಪ್ಪಿ ಒಯ್ಯುತ್ತಾಳೆ,
ಮಿಕ್ಸಿ ಹಿಟ್ಟು ಅವಳಿಗಾಗದು.
ಅಲ್ಲಿಯವರೆಗೆ, ಒಂದು ತಾಸು,
ನಾನು ಎರಡೂ ಅಂಗೈ ಊರಿ ಗಾಜಿನ ಮೇಲೆ ಬಗ್ಗಿ ನಿಂತಿರುತ್ತೇನೆ.
ಕೆಳಗಿನಿಂದ ಅದು
ನನ್ನ ಅಳತೆ ತೆಗೆಯುತ್ತಿರುತ್ತದೆ.